ಹೊರನೆಬೈಲು ಪಂಚಾಯಿತಿಯ ಠರಾವು

ಶನಿವಾರ ಬೆಳಿಗ್ಗೆ ಒಂಬತ್ತರ ಬಸ್ಸಿನ ಕಂಡಕ್ಟರ್ ಕಂದು ಲಕೋಟೆಯೊಂದನ್ನು ಶೇಷಪ್ಪನ ಕೈಗೆ ತುರುಕಿ, ಅವನು ಏನು ಎತ್ತ ಎಂದು ಕೇಳುವುದರೊಳಗೆ ಸೀಟಿ ಊದಿಬಿಟ್ಟ. ಹೊರನೆಬೈಲು ಗ್ರಾಮ ಪಂಚಾಯಿತಿಗೆ ಸರ್ಕಾರ ಹೇಳಬೇಕಾದ್ದೆಲ್ಲ ಹೀಗೆ ಬಸ್ಸಿನಲ್ಲೇ ಬರುತ್ತಿತ್ತು. ಕಾರ್ಯದರ್ಶಿ ಶೇಷಪ್ಪ ಅಂಥ ಲಕೋಟೆಗಳನ್ನು ಕಾಫಿ ಕುಡಿದ ಮೇಲೆಯೇ ಒಡೆಯುವ ಪದ್ಧತಿ ಇಟ್ಟುಕೊಂಡಿದ್ದ. ಅವತ್ತು ಯಾಕೋ ಮೊದಲೇ ಒಡೆದ. ಕಾಫಿ ಆರಿಹೋಯಿತು.

ಎರಡು ಸಾವಿರದ ಆರನೇ ಇಸವಿ. ಶೃಂಗೇರಿ, ಕೊಪ್ಪದ ಕಡೆಯ ಕಾಡಿನಲ್ಲಿ ಬಂದೂಕು ಹಿಡಿದವರು ಓಡಾಡುತ್ತಿದ್ದಾರೆಂಬ ಸುದ್ದಿ ಹಬ್ಬಿ, ಅವರನ್ನು ಹುಡುಕುವ ಪೊಲೀಸ್ ಜೀಪುಗಳೂ ಓಡಾಡುತ್ತಿದ್ದ ಕಾಲ. ಲಕೋಟೆಯಲ್ಲಿದ್ದದ್ದು ಇಷ್ಟೆ: ಈ ಶಸ್ತ್ರಧಾರಿ ಗುಂಪುಗಳ ಬಗ್ಗೆ ತುರ್ತು ಸಭೆ ಕರೆದು, ಠರಾವು ಮಾಡಿ, ಪ್ರತಿಯನ್ನು ಇಂದು ಸಂಜೆ ಐದರೊಳಗೆ ಶೃಂಗೇರಿಗೆ ಕಾರ್ಯದರ್ಶಿ ಖುದ್ದಾಗಿ ತಲುಪಿಸತಕ್ಕದ್ದು.

ಶೇಷಪ್ಪ ತಲೆ ಮೇಲೆ ಕೈ ಹೊತ್ತು ಕೂತಿರುವಾಗಲೇ ಫೋನ್ ಬಡಿದುಕೊಂಡಿತು. ಶೃಂಗೇರಿಯ ಮೇಲಧಿಕಾರಿಗಳ ಕಚೇರಿಯ ಗುಮಾಸ್ತ.

"ಶೇಷಪ್ಪನೋರೇ, ನಿಮ್ಮ ವರ್ಗಾವಣೆ ಆದೇಶ ಟೈಪಾಗಿ ಸಾಹೇಬ್ರ ಟೇಬಲ್ ಮೇಲೆ ಕೂತಿದೆ. ಮುತ್ತಿನಕೊಪ್ಪಕ್ಕೆ! ಸಾಯಂಕಾಲ ಠರಾವು ತಗೊಂಡು ಬನ್ನಿ, ಎದುರಿಗೇ ಸಹಿ ಹಾಕಿಸಿ ಕೊಡ್ತೆ. ಸೋಮವಾರದಿಂದ ಸಾಹೇಬ್ರು ಎರಡು ತಿಂಗಳು ತರಬೇತಿಗೆ ಹೋಗ್ತಾರೆ, ಆಮೇಲೆ ನಂಗೆ ಗೊತ್ತಿಲ್ಲ."

ಮುತ್ತಿನಕೊಪ್ಪ ಎಂಬ ಹೆಸರು ಕೇಳಿ ಶೇಷಪ್ಪನಿಗೆ ಕಣ್ಣು ತುಂಬಿತು. ಅಲ್ಲಿ ಅವನ ಮನೆಯಿತ್ತು, ಹೆಂಡತಿ ಸುಲೋಚನಮ್ಮ ಇದ್ದಳು, ಐದನೇ ಕ್ಲಾಸಿನ ಮಗಳು ಭವ್ಯ ಇದ್ದಳು. ಅವನು ಮಾತ್ರ ಮೂರು ವರ್ಷದಿಂದ ಹೊರನೆಬೈಲಿನ ಪಂಚಾಯಿತಿ ಕಟ್ಟಡದ ಹಿಂದಿನ ಕೋಣೆಯಲ್ಲಿ ಅನ್ನ ಬೇಯಿಸಿಕೊಂಡು, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕಿತ್ತುಕೊಂಡು ದಿನ ತಳ್ಳುತ್ತಿದ್ದ. ಶನಿವಾರ ಮೂರು ಬಸ್ಸು ಬದಲಿಸಿ ಮನೆ ಸೇರಿದರೆ ಭಾನುವಾರ ಮಧ್ಯಾಹ್ನ ಮತ್ತೆ ಚೀಲ ಹೆಗಲಿಗೇರುತ್ತಿತ್ತು. ಹೋದ ವಾರ ಶಾಲೆಯಲ್ಲಿ ಅಪ್ಪನ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದ್ದಕ್ಕೆ ಭವ್ಯ ಮೂರನೇ ವಾಕ್ಯಕ್ಕೇ ನಿಲ್ಲಿಸಿದ್ದಳಂತೆ. ಈ ಆದೇಶ ಕೈತಪ್ಪಿದರೆ ಅವಳು ಎರಡಕ್ಕೇ ನಿಲ್ಲಿಸುವುದು ಖಂಡಿತ ಎಂದು ಶೇಷಪ್ಪನಿಗೆ ಅನ್ನಿಸಿತು.

ಹನ್ನೊಂದು ಗಂಟೆಗೆ ಸಭೆ ಸೇರಿತು. ಒಂಬತ್ತು ಸದಸ್ಯರಲ್ಲಿ ನಾಲ್ವರಿಗೆ ವಿಷಯ ಏನೆಂದು ತಿಳಿದ ತಕ್ಷಣ ಜ್ವರ ಬಂದಿತ್ತು. ಉಳಿದ ಐವರು ಬಂದದ್ದು ಧೈರ್ಯದಿಂದೇನಲ್ಲ, ಅವರನ್ನು ಶೇಷಪ್ಪ ವಿಷಯ ಹೇಳದೆ ಕರೆದಿದ್ದ.

ಲಕೋಟೆಯ ಜೊತೆಗೆ ಮಾದರಿ ಠರಾವೂ ಬಂದಿತ್ತು. ಶೇಷಪ್ಪ ಗಂಟಲು ಸರಿಮಾಡಿಕೊಂಡು ಓದಿದ. "ಕಾಡಿನಲ್ಲಿ ಸಂಚರಿಸುತ್ತಿರುವ ಶಸ್ತ್ರಧಾರಿ ಗುಂಪುಗಳ ಹಿಂಸಾಕೃತ್ಯಗಳನ್ನು ಈ ಸಭೆಯು ಉಗ್ರವಾಗಿ ಖಂಡಿಸುತ್ತದೆ ಮತ್ತು ಅವರಿಗೆ ನೆರವಾಗುವವರ ವಿರುದ್ಧ ಕ್ರಮಕ್ಕೆ ಒತ್ತಾಯಿಸುತ್ತದೆ."

ಐವರೂ ಬಾಗಿಲ ಕಡೆ ನೋಡಿದರು.

"ಈ ಠರಾವಿನ ಪ್ರತಿ ನೋಟಿಸ್ ಬೋರ್ಡಿಗೆ ಅಂಟಿಸ್ಲಿಕ್ಕುಂಟಾ?" ಎಂದು ಉಪಾಧ್ಯಕ್ಷ ಗಣಪತಿ ಮೆಲ್ಲಗೆ ಕೇಳಿದರು. ಅವರ ಕಾಫಿ ತೋಟ ಕಾಡಿಗೆ ತಾಗಿಕೊಂಡೇ ಇತ್ತು.

"ನಿಯಮ ಪ್ರಕಾರ ಅಂಟಿಸ್ಬೇಕು."

"ಹಂಗಾದ್ರೆ ಆ 'ಉಗ್ರವಾಗಿ' ತೆಗೀರಿ ಮಾರಾಯ್ರೆ. ಬೋರ್ಡು ಊರಿನವರು ಓದ್ತಾರೋ ಇಲ್ವೋ, ಕಾಡಿಂದ ಬಂದವರು ಓದೇ ಓದ್ತಾರೆ. ಅವರಿಗೆ ಓದೋ ಚಟ ಜಾಸ್ತಿಯಂತೆ."

ಶೇಷಪ್ಪ 'ಉಗ್ರವಾಗಿ' ಹೊಡೆದುಹಾಕಿದ. ಇಷ್ಟಕ್ಕೇ ಮುಗಿಯಿತಲ್ಲ ಎಂದು ಪೆನ್ನಿನ ಕ್ಯಾಪ್ ಹಾಕಹೊರಟಾಗ, ಊರಿನ ಏಕೈಕ ದಿನಸಿ ಅಂಗಡಿಯ ಮಾಲೀಕ ಅಬ್ದುಲ್ ವಹಾಬ್ ಕೈ ಎತ್ತಿದರು.

"ನೆರವಾಗುವವರು ಅಂದ್ರೆ ಯಾರು? ಹೋದ ತಿಂಗಳು ಒಬ್ಬ ಬಂದು ಹತ್ತು ಕಿಲೋ ಅಕ್ಕಿ ತಗೊಂಡ. ಮಾರನೇ ದಿನ ಪೊಲೀಸ್ನೋರು ಬಂದು, ಯಾರಿಗೆ ಕೊಟ್ಟೆ ಅಂತ ಕೇಳಿದ್ರು. ಮದುವೆ ಮನೆಗೆ ಅಂದೆ. ಯಾರ ಮದುವೆ ಅಂದ್ರು. ಅಕ್ಕಿ ತಗೊಳ್ಳೋರತ್ರ ಲಗ್ನಪತ್ರಿಕೆ ಕೇಳ್ಲಿಕ್ಕೆ ಆಗ್ತದಾ? ಆ ಸಾಲು ಪೂರಾ ತೆಗೀರಿ."

ಆ ಸಾಲೂ ಹೋಯಿತು. ಅಷ್ಟರಲ್ಲಿ ಸುಮ್ಮನೆ ಕೂತಿದ್ದ ಚೋಮ ಎಂಬ ಸದಸ್ಯ, ತೋಟದ ಕೆಲಸ ಬಿಟ್ಟು ಬಂದವನು, ಅನುಮಾನಿಸುತ್ತ ಬಾಯಿ ತೆರೆದ.

"ಕಾಡಲ್ಲಿ ಕೋವಿ ಹಿಡ್ಕಂಡು ಗುಂಪು ಕಟ್ಕಂಡು ತಿರುಗೋರು ಅಂದ್ರೆ... ಗಣಪತಿ ಅಯ್ಯನೋರೂ ಅಮಾಸೆ ಹಿಂದೆಮುಂದೆ ಎಂಟು ಜನ ಕರ್ಕಂಡು ಹಂದಿ ಹೊಡೆಯಕೆ ಹೋಗ್ತಾರಲ್ಲ, ಹಂದಿ ಎಬ್ಬಿಸಕೆ ಕೂಗು ಹಾಕಕೆ ನಾನೂ ಹೋಗ್ತೀನಿ. ನಮ್ಮನ್ನ ನಾವೇ ಖಂಡಿಸ್ದಂಗೆ ಆಗ್ತದಲ್ಲ?"

ಗಣಪತಿಯವರ ಮುಖ ಹುಣಸೆಹಣ್ಣು ಕಚ್ಚಿದಂತಾಯಿತು. ಶಿಕಾರಿ ಕಾನೂನುಬಾಹಿರ, ಸರಿ. ಆದರೆ ಹೊರನೆಬೈಲಿನಲ್ಲಿ ಕೋವಿ ಇಲ್ಲದ ಮನೆಯೂ ಇಲ್ಲ, ಹಂದಿ ನುಗ್ಗದ ಗದ್ದೆಯೂ ಇಲ್ಲ. ಪೊಲೀಸರ ಕೈಗೆ ನಾವೇ ಕಾಗದ ಬರೆದುಕೊಟ್ಟಂತಾಗುತ್ತದೆಂದು ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಹನ್ನೆರಡೂವರೆಯ ಹೊತ್ತಿಗೆ 'ಶಸ್ತ್ರಧಾರಿ ಗುಂಪುಗಳು, ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿಗಳನ್ನೂ ಅವುಗಳ ಜೊತೆ ಹೋಗುವವರನ್ನೂ ಹೊರತುಪಡಿಸಿ' ಎಂದು ಬರೆಯಲಾಯಿತು. ಹಂದಿಯ ಹೆಸರನ್ನು ಸೇರಿಸಬೇಕೋ ಬೇಡವೋ ಎಂಬುದರ ಮೇಲೆ ಇನ್ನೂ ಇಪ್ಪತ್ತು ನಿಮಿಷ ಕಳೆಯಿತು.

"ನಂದೊಂದು ಇದೆ," ಎಂದರು ಶಾಂತಕ್ಕ. ಅವರು ಹೊಳೆಯಾಚೆಯ ಕೇರಿಯ ಸದಸ್ಯೆ. "ನಮ್ಮ ಕೇರಿಗೆ ಒಂದು ಸಂಕ ಹಾಕ್ಸಿ, ಮರದ ಕಾಲುಸೇತುವೆಯಾದ್ರೂ ಸಾಕು ಅಂತ ನಾಲ್ಕು ಸಭೇಲಿ ಹೇಳಿದೀನಿ. ಮಳೆಗಾಲದಲ್ಲಿ ಹೊಳೆ ದಾಟಕಾಗದೆ ಮಕ್ಕಳು ಶಾಲೆಗೆ ಹೋಗಲ್ಲ. ಠರಾವಿನಲ್ಲಿ ಸಂಕ ಬರ್ದ್ರೆ ಸಹಿ, ಇಲ್ದಿದ್ರೆ ಇಲ್ಲ."

"ಶಾಂತಕ್ಕ, ಇದು ಬಂದೂಕಿನ ವಿಷ್ಯ. ಸಂಕ ಎಲ್ಲಿಂದ ಬಂತು?" ಎಂದ ಶೇಷಪ್ಪ.

"ಹೋದ ಸಲ ಬಂದೂಕಿನೋರು ಮೂರು ಜನ ನಮ್ಮನೇಲಿ ನೀರು ಕುಡ್ದು ಹೋದ್ರು. ಅವರಾದ್ರೂ ಸಂಕ ಯಾಕಿಲ್ಲ ಅಂತ ಕೇಳಿದ್ರು. ನೀವು ಒಂದಿನ ಕೇಳಿದೀರಾ?"

ಅವರು ಬಂದಿದ್ದರೆಂದು ಶಾಂತಕ್ಕ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಗಣಪತಿಯವರು ಫ್ಯಾನು ನೋಡಿದರು, ವಹಾಬ್ ಸಾಹೇಬರು ಚಪ್ಪಲಿ ನೋಡಿಕೊಂಡರು. ಶೇಷಪ್ಪ ಸಂಕ ಬರೆದುಕೊಂಡ.

ಅಧ್ಯಕ್ಷೆ ನೀಲಾಂಬಿಕೆ ಅಲ್ಲಿಯವರೆಗೂ ಮಾತಾಡಿರಲಿಲ್ಲ. ಅವರು ಅಂಗನವಾಡಿ ನಡೆಸಿ ನಿವೃತ್ತರಾದವರು, ಗಲಾಟೆ ತಾನಾಗಿ ಅಡಗುವವರೆಗೆ ಕಾಯುವುದು ಅವರಿಗೆ ಅಭ್ಯಾಸ. ಈಗ ಕನ್ನಡಕ ಹಾಕಿಕೊಂಡು ಕೇಳಿದರು. "ಎಲ್ಲ ಸರಿ. ಸೂಚಕರು ಯಾರು, ಅನುಮೋದಕರು ಯಾರು?"

ಪ್ರತಿ ಠರಾವಿನ ಕೆಳಗೆ ಅದನ್ನು ಮಂಡಿಸಿದ ಒಬ್ಬರ ಹೆಸರು, ಒಪ್ಪಿದ ಇನ್ನೊಬ್ಬರ ಹೆಸರು ಬರೆಯಲೇಬೇಕು. ಬೀದಿದೀಪದ ಠರಾವಾದರೆ ಅದಕ್ಕೆ ನೂಕುನುಗ್ಗಲು. ಈಗ ಗಣಪತಿಯವರು "ವಹಾಬ್ ಸಾಹೇಬ್ರು ಹಿರಿಯರು" ಎಂದರು. ವಹಾಬ್ ಸಾಹೇಬರು "ಮಹಿಳೆಯರಿಗೆ ಅವಕಾಶ ಕೊಡ್ಬೇಕು" ಎಂದರು. ಶಾಂತಕ್ಕ "ಸಂಕಕ್ಕೆ ಬೇಕಾದ್ರೆ ನಾನು ಸೂಚಕಿ, ಉಳಿದದ್ದಕ್ಕೆ ಅಲ್ಲ" ಎಂದರು. ಚೋಮ ತನಗೆ ಮೂತ್ರಕ್ಕೆ ಹೋಗಬೇಕೆಂದು ಎದ್ದು ಹೋದವನು ಅರ್ಧ ಗಂಟೆ ಬರಲಿಲ್ಲ.

ಗಂಟೆ ಎರಡಾಯಿತು. ವಹಾಬ್ ಸಾಹೇಬರ ಅಂಗಡಿಯಿಂದ ಬಾಳೆಹಣ್ಣು, ಬನ್ನು ಬಂದವು. ಬನ್ನು ತಿನ್ನುತ್ತಲೇ 'ಖಂಡಿಸುತ್ತದೆ' ಹೋಗಿ 'ವಿಷಾದಿಸುತ್ತದೆ' ಬಂತು. ಹೆಸರು ಹಾಕಲು ಆಗಲೂ ಯಾರೂ ಮುಂದೆ ಬರದೆ ಹೋದಾಗ 'ವಿಷಾದಿಸುತ್ತದೆ' ಹೋಗಿ 'ಗಮನಿಸುತ್ತದೆ' ಬಂತು. "ಗಮನಿಸಿದೀವಿ ಅಂದ್ರೆ ನೋಡಿದೀವಿ ಅಂತಾಯ್ತಲ್ಲ. ನೋಡಿದ್ರೆ ಎಲ್ಲಿ, ಯಾವಾಗ, ಯಾಕೆ ಹೇಳ್ಲಿಲ್ಲ ಅಂತ ಸ್ಟೇಷನ್ನಿಗೆ ಕರೀತಾರೆ," ಎಂದು ಗಣಪತಿ ಅದನ್ನೂ ಕಳಚಿದರು. ಹಾಳೆಯ ಮೇಲೆ ಈಗ ಉಳಿದಿದ್ದದ್ದು ಕೋವಿಯ ವಿನಾಯಿತಿ ಮತ್ತು ಸಂಕ.

ಶೃಂಗೇರಿಗೆ ಕೊನೆಯ ಅನುಕೂಲದ ಬಸ್ಸು ಮೂರೂವರೆಗೆ. ಗೋಡೆಯ ಗಡಿಯಾರ ಮೂರು ತೋರಿಸುತ್ತಿತ್ತು. ಶೇಷಪ್ಪನಿಗೆ ಅಳು ಬರುವುದೊಂದು ಬಾಕಿ. ಭವ್ಯಳ ಮೂರು ವಾಕ್ಯ ಕಣ್ಣ ಮುಂದೆ ಬಂತು. ಆಗ, ಮೂರು ವರ್ಷದಲ್ಲಿ ಒಮ್ಮೆಯೂ ಹೊಳೆಯದಂಥ ವಿಚಾರವೊಂದು ಅವನಿಗೆ ಹೊಳೆಯಿತು.

"ತಡೀರಿ. ನಾವು ಯಾರನ್ನೂ ಖಂಡಿಸೋದೂ ಬೇಡ, ಗಮನಿಸೋದೂ ಬೇಡ. ಅಂಥವರು ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ಬರೆದ್ರೆ? ಆಗ ಅದು ಬರೀ ಮಾಹಿತಿ. ಮಾಹಿತಿಗೆ ಸೂಚಕರು ಬೇಡ, ಅನುಮೋದಕರು ಬೇಡ. ಓದಿದ ಪೊಲೀಸ್ನೋರಿಗೂ ಬೇಜಾರಿಲ್ಲ, ಕಾಡಿನೋರಿಗೂ ಸಿಟ್ಟಿಲ್ಲ."

ಕೋಣೆಯಲ್ಲಿ ಗಾಳಿ ಬಂದಂತಾಯಿತು. ಗಣಪತಿಯವರು ಎದ್ದು ಅವನ ಬೆನ್ನು ತಟ್ಟಿದರು. "ಮಾರಾಯ್ರೆ, ನೀವು ಈ ಹಳ್ಳೀಲಿ ಇರ್ಬೇಕಾದ ಮನುಷ್ಯ ಅಲ್ಲ!"

"ಅದನ್ನೇ ನಾನೂ ಹೇಳ್ತಾ ಬಂದಿದೀನಿ," ಎಂದ ಶೇಷಪ್ಪ, ಮನಸ್ಸಿನಿಂದ.

ಅವನು ತನ್ನ ಮುದ್ದಾದ ಅಕ್ಷರದಲ್ಲಿ ನಡಾವಳಿ ಪುಸ್ತಕಕ್ಕೆ ಇಳಿಸಿದ. "ಈ ಪಂಚಾಯಿತಿ ವ್ಯಾಪ್ತಿಯಲ್ಲಿ ಯಾವುದೇ ಶಸ್ತ್ರಧಾರಿ ಗುಂಪು ಈವರೆಗೆ ಕಂಡುಬಂದಿರುವುದಿಲ್ಲ. ಜನಜೀವನ ಶಾಂತವಾಗಿದ್ದು, ಯಾರಿಗೂ ಯಾವುದೇ ಭಯವಿರುವುದಿಲ್ಲ. ಸಂಕವೊಂದರ ಅಗತ್ಯವಿರುತ್ತದೆ." ಐವರೂ ಪೆನ್ನು ಕಸಿದುಕೊಂಡು ಸಹಿ ಮಾಡಿದರು. ನೀಲಾಂಬಿಕೆಯವರು ಸೀಲು ಒತ್ತಿದರು. ಶೇಷಪ್ಪ ಪ್ರತಿ ತೆಗೆದು ಮಡಚಿ, ಬಟ್ಟೆಬರೆಯ ಚೀಲವನ್ನೂ ಎತ್ತಿಕೊಂಡು ಓಡಿದ. ಆದೇಶ ಕೈಗೆ ಬಂದರೆ ಶೃಂಗೇರಿಯಿಂದ ಹಾಗೇ ಕೊಪ್ಪದ ಬಸ್ಸು ಹತ್ತಿ ಮನೆಗೆ ಹೋಗುವ ಯೋಜನೆ ಅವನದು.

ಐದಕ್ಕೆ ಹತ್ತು ನಿಮಿಷವಿರುವಾಗ ಅವನು ಸಾಹೇಬರ ಮುಂದೆ ನಿಂತಿದ್ದ. ಸಾಹೇಬರು ಸಜ್ಜನರು, ಎರಡು ದಿನದಿಂದ ನಿದ್ದೆಗೆಟ್ಟವರಂತೆ ಕಾಣುತ್ತಿದ್ದರು. ಠರಾವು ಓದಿದರು. ಮತ್ತೊಮ್ಮೆ ಓದಿದರು. ಮುಖ ಅರಳಿತು.

"ಶೇಷಪ್ಪ, ಎಷ್ಟು ನೀಟಾಗಿ ತಂದಿದೀರಿ! ಉಳಿದ ಪಂಚಾಯಿತಿಯವರು ಒಬ್ರು ಖಂಡಿಸಿ ಹೆಸರು ಹಾಕಿಲ್ಲ, ಒಬ್ರು ಹೆಸರು ಹಾಕಿ ಸಹಿ ಹಾಕಿಲ್ಲ. ಮೇಲಿನವರಿಗೆ ಬೇಕಾಗಿದ್ದೇ ಇಂಥದ್ದು. ಶಾಂತವಾಗಿದೆ, ಭಯವಿಲ್ಲ. ಇದನ್ನ ಈಗಲೇ ಚಿಕ್ಕಮಗಳೂರಿಗೆ ಫ್ಯಾಕ್ಸ್ ಮಾಡಿ," ಎಂದು ಗುಮಾಸ್ತನ ಕೈಗಿತ್ತರು.

ಫ್ಯಾಕ್ಸ್ ಯಂತ್ರ ಕುಂಯ್‌ಗುಟ್ಟಿ ಕಾಗದ ನುಂಗಿತು. ಶೇಷಪ್ಪ ಚೀಲವನ್ನು ಹೆಗಲಿಗೇರಿಸಿಕೊಂಡು, "ಸರ್, ನನ್ನದೊಂದು ಆದೇಶ..." ಎಂದ.

"ಓ, ಹೌದಲ್ಲ!" ಸಾಹೇಬರು ಸಂತೋಷದಿಂದಲೇ ಫೈಲು ಬಿಡಿಸಿ ಪೆನ್ನು ಹಿಡಿದರು. ಸಹಿ ಹಾಕುವ ಮುಂಚೆ ಲಗತ್ತಿಸಿದ್ದನ್ನು ಓದುವುದು ಅವರ ಅಭ್ಯಾಸ. ಆರು ತಿಂಗಳ ಹಿಂದಿನ ಅರ್ಜಿ ಅದು. ಓದುತ್ತ ಓದುತ್ತ ಪೆನ್ನು ನಿಂತಿತು. ಆಮೇಲೆ ಗಟ್ಟಿಯಾಗಿ ಓದತೊಡಗಿದರು.

"'ಸದರಿ ಹೊರನೆಬೈಲಿನಲ್ಲಿ ಶಸ್ತ್ರಧಾರಿ ಗುಂಪುಗಳು ಹಗಲಿನಲ್ಲೇ ಸಂಚರಿಸುತ್ತಿದ್ದು, ಜನಜೀವನ ಅಸ್ತವ್ಯಸ್ತಗೊಂಡಿದ್ದು, ಒಬ್ಬನೇ ವಾಸಿಸುತ್ತಿರುವ ನಾನು ಪ್ರತಿಕ್ಷಣವೂ ಪ್ರಾಣಭಯದಲ್ಲಿರುವುದರಿಂದ, ದಯಮಾಡಿ ಮುತ್ತಿನಕೊಪ್ಪಕ್ಕೆ...' ಅಕ್ಷರ ನಿಮ್ಮದೇ ಅಲ್ವಾ?"

ಅಕ್ಷರ ಶೇಷಪ್ಪನದೇ. ಮೊಣಕಾಲು ನೋವಿನ ಅರ್ಜಿ, ಹೆಂಡತಿಯ ಸೊಂಟ ನೋವಿನ ಅರ್ಜಿ ಎಲ್ಲ ತಿರಸ್ಕೃತವಾದ ಮೇಲೆ, ಇದೊಂದು ಕಾರಣ ನಡೆಯುತ್ತದೆಂದು ಯಾರೋ ಹೇಳಿದ್ದರಿಂದ ಬರೆದುಹಾಕಿದ್ದ. ಇವತ್ತು ಬೆಳಗಿನಿಂದ ಹೊರನೆಬೈಲಿನ ಐವರ ಭಯವನ್ನು ಒಂದೊಂದಾಗಿ ಅಳಿಸುವ ಗಡಿಬಿಡಿಯಲ್ಲಿ ತನ್ನ ಭಯ ಮರೆತೇ ಹೋಗಿತ್ತು.

"ಯಾವುದು ನಿಜ ಶೇಷಪ್ಪ?" ಸಾಹೇಬರು ನಿಜಕ್ಕೂ ನೊಂದುಕೊಂಡು ಕೇಳಿದರು. "ಅರ್ಜಿ ನಿಜ ಅಂದ್ರೆ, ಸುಳ್ಳು ನಡಾವಳಿ ಬರೆದ್ರಿ ಅಂತ ಸಸ್ಪೆಂಡ್ ಮಾಡ್ಬೇಕಾಗ್ತದೆ. ಠರಾವು ನಿಜ ಅಂದ್ರೆ, ವರ್ಗಾವಣೆಗೆ ಕಾರಣವೇ ಇಲ್ಲ. ಠರಾವು ಆಗ್ಲೇ ಹೋಯ್ತು, ವಾಪಸ್ ತರ್ಲಿಕ್ಕೆ ಆಗಲ್ಲ."

ಫ್ಯಾಕ್ಸ್ ಯಂತ್ರ ಆ ಕಡೆ ತಲುಪಿದ್ದಕ್ಕೆ ಒಂದು ಚೀಟಿ ಉಗುಳಿತು.

"ಠರಾವೇ ನಿಜ ಸರ್," ಎಂದ ಶೇಷಪ್ಪ.

"ನಂಗೂ ಬೇಜಾರಾಗ್ತದೆ. ಆದ್ರೆ ಅರ್ಜಿಗೆ ಉತ್ತರ ಕೊಡದೆ ಹಾಗೇ ಬಿಟ್ಟು ಹೋಗ್ಲಿಕ್ಕೆ ಆಗಲ್ಲ. ಟೈಪಿಸ್ಟ್ ಮನೆಗೆ ಹೋದ. ನೀವೇ ಎರಡು ಸಾಲು ಬರ್ದ್ಬಿಡಿ, ನಿಮ್ಮ ಒಕ್ಕಣೆ ಚೆನ್ನಾಗಿರ್ತದೆ."

ಶೇಷಪ್ಪ ಕೂತು ಬರೆದ. ಸಾಹೇಬರು ಒಂದಕ್ಷರ ತಿದ್ದದೆ ಸಹಿ ಹಾಕಿದರು. ಪ್ರತಿ ತಲುಪಿದೆ ಎಂದು ಶೇಷಪ್ಪನಿಂದಲೂ ಒಂದು ಸಹಿ ತೆಗೆದುಕೊಂಡರು.

ಬಸ್‌ಸ್ಟ್ಯಾಂಡಿನ ಕಾಯಿನ್ ಬೂತಿನಿಂದ ಮನೆಗೆ ಫೋನ್ ಮಾಡಿದಾಗ ಸುಲೋಚನಮ್ಮ ಮೊದಲ ರಿಂಗಿಗೇ ಎತ್ತಿದಳು.

"ಆದೇಶ ಬಂತಾ?"

"ಬಂತು. ಕೈಯಲ್ಲೇ ಇದೆ."

"ಎಂತ ಬರ್ದಿದಾರೆ, ಓದಿ ನೋಡುವಾ!"

ಶೇಷಪ್ಪ ಕಾಗದ ಬಿಡಿಸಿ ಬೀದಿದೀಪಕ್ಕೆ ಹಿಡಿದ. "ಹೊರನೆಬೈಲಿನಲ್ಲಿ ಹೆದರುವಂಥದ್ದೇನೂ ಇಲ್ಲದ ಕಾರಣ, ಅರ್ಜಿದಾರರು ಅಲ್ಲೇ ನಿಶ್ಚಿಂತೆಯಿಂದ ಮುಂದುವರಿಯತಕ್ಕದ್ದು."

ಸುಲೋಚನಮ್ಮನ ಸಿಟ್ಟು ತಂತಿಯಲ್ಲಿ ಹರಿದು ಬಂತು. "ಯಾವ ಹಾಳಾದವನು ರೀ ಇಂಥದ್ದು ಬರ್ದಿದ್ದು?"

"ನಾನೇ ಕಣೇ," ಎಂದ ಶೇಷಪ್ಪ.