ಹಸಿದ ಕೌದಿ

ಕಳೆದ ಚಳಿಗಾಲದ ಒಂದು ಸೋಮವಾರ ಮಧ್ಯಾಹ್ನ ಮೂರರ ಸುಮಾರಿಗೆ ಇಂಡಿ ಪಟ್ಟಣದಲ್ಲಿ ಒಂದು ಸೂಜಿ ಕಾಣೆಯಾಯಿತು. ಎತ್ತರ ಎರಡು ಅಂಗುಲ, ಸಪೂರ ಮೈಕಟ್ಟು, ಕಾಣೆಯಾದಾಗ ಮೈಮೇಲೆ ಒಂದು ಮೊಳ ಕೆಂಪು ದಾರವಿತ್ತು. ಅದನ್ನು ಕೊನೆಯದಾಗಿ ಕಂಡವರು ಏಳು ಮಂದಿ. ಏಳೂ ಮಂದಿ ಅದನ್ನು ಬೇರೆ ಬೇರೆಯವರ ಕೈಯಲ್ಲಿ ಕಂಡಿದ್ದರು.

ಇದು ನಗುವ ವಿಷಯವಲ್ಲ. ಆ ಸೂಜಿ ಹೊಲಿಯುತ್ತಿದ್ದುದು ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಹೊದೆಯಲು ಕೊಡುವ ಕೌದಿಯನ್ನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳ ಕೆಲವು ಹೆಣ್ಣುಮಕ್ಕಳು ಹಳೆಯ ಸೀರೆ, ಧೋತರ ಕೂಡಿಸಿ, ಪದರದ ಮೇಲೆ ಪದರ ಹಾಸಿ, ಕೈಯಿಂದಲೇ ಹೊಲಿದು ಜಿಲ್ಲಾ ಕೇಂದ್ರದ ಒಂದು ಮಕ್ಕಳ ವಾರ್ಡಿಗೆ ಕಳಿಸುತ್ತಾರೆ. ನನ್ನ ಹೆಂಡತಿ ಅವರಲ್ಲೊಬ್ಬಳು. ನನಗೆ ಹೊಲಿಯಲು ಬರುವುದಿಲ್ಲ, ಆದರೆ ಒಂದು ಹಳೆಯ ಕಾರಿದೆ. ಹೀಗಾಗಿ ಸಾಗಾಣಿಕೆ ನನ್ನ ಪಾಲಿಗೆ ಬಂತು. ಈ ಕೆಲಸ ಹಿಡಿದಂದಿನಿಂದ ಒಂದಿಲ್ಲೊಂದು ನಡೆಯುತ್ತಲೇ ಇದೆ. ಕೆಲವಕ್ಕೆ ನಕ್ಕಿದ್ದೇನೆ. ಕೆಲವಕ್ಕೆ ನಕ್ಕು, ಆಮೇಲೆ ಹಿಂದಿನ ಸೀಟಿನತ್ತ ಒಮ್ಮೆ ತಿರುಗಿ ನೋಡಿದ್ದೇನೆ.

೧. ಸೂಜಿ

ಹುಡುಕಾಟ ಸಂಜೆಯ ತನಕ ನಡೆಯಿತು. ಕೌದಿಯನ್ನು ಜಾಡಿಸಿದರು, ಬಿಸಿಲಿಗೆ ಹಿಡಿದರು, ಅಂಗೈಯಿಂದ ಅಂಗುಲ ಅಂಗುಲ ಸವರಿದರು. ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು ತಂದು ಮೇಲೆಲ್ಲ ಆಡಿಸಿದರು. ಬ್ಲೌಸಿನ ಎರಡು ಹುಕ್ಕು ಸಿಕ್ಕವು. ಅವು ತಮ್ಮವೆಂದು ಯಾರೂ ಒಪ್ಪಲಿಲ್ಲ.

"ಸೂಜಿ ಸಿಗೂತನಕ ಕೌದಿ ಮನಿ ದಾಟೂದಿಲ್ಲ," ಎಂದಳು ನನ್ನ ಹೆಂಡತಿ.

"ಒಳಗ ಇಲ್ಲ ಅಂದ್ರ?" ಎಂದೆ.

"ಇಲ್ಲ ಅನ್ನೂದರ ಗೊತ್ತಾಗಬೇಕಲ್ಲ."

ಮೂರು ದಿನ, ಹೊತ್ತಿಗೊಮ್ಮೆ ಅಯಸ್ಕಾಂತ ಆಡಿಸಿ, ಕಡೆಗೆ ಗುರುವಾರ ಕೌದಿಗೆ ಬಿಡುಗಡೆ ಕೊಟ್ಟರು. ಝಳಕಿ ದಾಟುವಾಗ ಸೂಜಿ ಪತ್ತೆಯಾಯಿತು. ನನಗೆ ಬೆನ್ನುನೋವೆಂದು ಹೆಂಡತಿ ಪ್ರೀತಿಯಿಂದ ಸೀಟಿಗಿಟ್ಟ ದಿಂಬಿನಲ್ಲಿ ಅದು ಕಾದು ನಿಂತಿತ್ತು. ನಾನದನ್ನು ಹುಡುಕಲಿಲ್ಲ, ಅದೇ ನನ್ನನ್ನು ಹುಡುಕಿಕೊಂಡು ಬಂದಿತ್ತು. ಕೆಂಪು ದಾರ ಹಾಗೇ ಇತ್ತು.

ಅಂದು ವಾರ್ಡಿನಲ್ಲಿ ನಾಲ್ಕನೇ ನಂಬರಿನ ಹಾಸಿಗೆಯಲ್ಲಿ ಏಳು ವರ್ಷದ ಒಬ್ಬ ಹುಡುಗಿ ಇದ್ದಳು. ಜ್ವರ ಬಿಟ್ಟಿತ್ತು, ಹಸಿವು ಮರಳಿರಲಿಲ್ಲ. ದಿನಕ್ಕೆ ಎರಡು ಬಿಸ್ಕತ್ತು, ನಾಲ್ಕು ಗುಟುಕು ಹಾಲು, ಅಷ್ಟೇ. ಉಳಿದದ್ದೆಲ್ಲ ಸಲೈನು. ಮುಂದಿನ ವಾರದ ಶನಿವಾರದ ತನಕ ನೋಡುತ್ತೇವೆ, ಅಷ್ಟರಲ್ಲಿ ಉಣ್ಣದಿದ್ದರೆ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಅವಳ ತಾಯಿಗೆ ಹೇಳಿದ್ದರು. ತಾಯಿ ಆವತ್ತಿನಿಂದ ಗಂಜಿಯ ಬಟ್ಟಲು ಕೆಳಗಿಟ್ಟಿರಲಿಲ್ಲ.

ನಾನು ಕೌದಿ ಕೊಟ್ಟೆ. ಹುಡುಗಿ ಅದನ್ನು ತಲೆಯ ತನಕ ಎಳೆದುಕೊಂಡಳು. ಸ್ವಲ್ಪ ಹೊತ್ತು ಒಳಗೇ ಇದ್ದಳು. ಹೊರಗೆ ಬಂದು ಕೌದಿಯನ್ನು ನನಗೇ ಮರಳಿಸಿದಳು.

"ಇದರಾಗ ಯಾರೂ ಇಲ್ಲ," ಎಂದಳು.

ಆ ಕೌದಿಯನ್ನು ಬಟ್ಟೆ ಅಂಗಡಿಯವರು ಕೊಟ್ಟ ಹೊಸ ತುಂಡುಗಳಿಂದ ಹೊಲಿದಿದ್ದರು. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ. "ಯಾರ್ ಇರಬೇಕಿತ್ತವ್ವಾ?" ಎಂದು ಕೇಳಿದೆ. ಇಷ್ಟು ವಯಸ್ಸಾದರೂ ಇದು ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿ ಮಗ್ಗುಲಾದಳು. ಕೌದಿ ಐದನೇ ನಂಬರಿಗೆ ಹೋಯಿತು.

೨. ಧೋತರ

ಸಿಂದಗಿಯಲ್ಲಿ ನಮ್ಮ ಕೆಲಸ ನೋಡಿಕೊಳ್ಳುವವರು ಹೊಲಿಗೆ ಅಂಗಡಿಯ ಖಾಲಾ. ಚಿಕ್ಕಮ್ಮ ಎಂಬ ಅರ್ಥದಲ್ಲಿ ಊರೆಲ್ಲ ಅವರನ್ನು ಹಾಗೇ ಕರೆಯುತ್ತದೆ. ಕನ್ನೊಳ್ಳಿಯ ಒಂದು ಮನೆಯಲ್ಲಿ ಯಜಮಾನರು ತೀರಿಕೊಂಡ ಮೇಲೆ ಅವರ ಧೋತರ ಕೌದಿಗೆಂದು ಬಂತು. ಖಾಲಾ ಅದನ್ನು ಎರಡು ಸಲ ತೊಳೆದು, ಕೌದಿಯ ಹೊಟ್ಟೆಗೆ ಹಾಕಿ ಹೊಲಿದು, ಬಿಸಿಲಿಗೆ ಹರವಿದರು. ಸ್ವಲ್ಪ ಹೊತ್ತಿಗೆ ಕೌದಿಯ ಕೆಳಗೆ ಒಂದು ಕಂದು ನಾಯಿ ಕೂತಿತ್ತು.

ಅದು ಯಜಮಾನರ ನಾಯಿ. ಕನ್ನೊಳ್ಳಿಯಿಂದ ಒಂಟಿಯಾಗಿ ನಡೆದು ಬಂದಿತ್ತು. ಬೊಗಳಲಿಲ್ಲ, ರೊಟ್ಟಿ ಮುಟ್ಟಲಿಲ್ಲ, ಕೌದಿಯನ್ನೇ ನೋಡುತ್ತ ಎರಡು ದಿನ ಕೂತಿತು. ನಾನು ಸೋಮವಾರ ಹೋದಾಗ ಖಾಲಾ ಅಂಗಡಿಗೆ ಹಿಂಬಾಗಿಲಿನಿಂದ ಹೋಗಿ ಬರುತ್ತಿದ್ದರು.

"ಹಚಾ ಅನ್ರಿ," ಎಂದೆ.

"ಹ್ಯಾಂಗ್ ಅನ್ನೂದ್ರಿ ಸರ? ಅದು ತನ್ನ ಧಣಿ ಮುಂದ ಕುಂತೈತಿ. ನಡುವ ಬಾಯಿ ಹಾಕಾಕ ನಾವ್ಯಾರು?"

ಕಡೆಗೆ ಖಾಲಾ ಮೂಲೆ ಬಿಚ್ಚಿ, ಧೋತರದಿಂದ ಗೇಣುದ್ದದ ತುಂಡು ಕತ್ತರಿಸಿ ನಾಯಿಯ ಮುಂದಿಟ್ಟರು. ನಾಯಿ ಅದನ್ನು ಮೂಸಿ, ಬಾಯಲ್ಲಿ ಕಚ್ಚಿಕೊಂಡು, ಕನ್ನೊಳ್ಳಿಯ ದಾರಿ ಹಿಡಿಯಿತು. ಹಿಂದೆ ತಿರುಗಿ ನೋಡಲಿಲ್ಲ. ನಾನು ಮಾತ್ರ ದಾರಿಯುದ್ದಕ್ಕೂ ಕನ್ನಡಿಯಲ್ಲಿ ನೋಡಿಕೊಳ್ಳುತ್ತಲೇ ಬಂದೆ.

ನಾಲ್ಕನೇ ನಂಬರಿನ ಹುಡುಗಿ ಆ ಕೌದಿಯೊಳಗೆ ಹೋಗಿ ಬಂದು ವರದಿ ಒಪ್ಪಿಸಿದಳು. "ಇದರಾಗ ಒಬ್ಬ ಮುತ್ಯಾ ಅದಾನ. ಬೀಡಿ ಸೇದ್ತಾನ. ನಾಯಿ ಮನಿ ಮುಟ್ಟೈತೇನು ಅಂತ ಕೇಳಾಕತ್ಯಾನ."

ಅವಳಿಗೆ ಆ ಕೌದಿಯೂ ಬೇಡವಾಯಿತು. ಬೀಡಿಯ ವಾಸನೆ ಆಗುವುದಿಲ್ಲವಂತೆ. ನಾನು ಹೊರಗೆ ಬಂದು ಕನ್ನೊಳ್ಳಿಗೆ ಫೋನ್ ಮಾಡಿ, ನಾಯಿ ಬಂತೇ ಎಂದು ಯಜಮಾನರ ಹೆಂಡತಿಯನ್ನು ಕೇಳಿದೆ. ಏಕೆ ಕೇಳುತ್ತಿದ್ದೇನೆಂದು ಹೇಳಲಿಲ್ಲ.

"ಬಂತ್ರೀ ಯಪ್ಪಾ," ಎಂದರು ಆ ತಾಯಿ. "ಬಾಯಾಗ ಧೋತರ ಹಿಡಕೊಂಡ ಬಂತು. ಆ ಧೋತರಾ ಮನಿ ಹೊರಗ ಹಾಕ್ರಿ ಹಾಕ್ರಿ ಅಂತ ಮೂವತ್ತ ವರ್ಷ ಬಡಕೊಂಡೇನಿ. ಅವರು ಹ್ವಾದ ಮ್ಯಾಲರ ಹೋತು ಅಂದ್ರ, ಮತ್ತ ಬಂತಲ್ರಿ!"

೩. ಅರಿವೆ ರೊಟ್ಟಿ

ನಮ್ಮ ಕಡೆ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿಯನ್ನೋ ನಾಲ್ಕು ಕಾಳು ಅಕ್ಕಿಯನ್ನೋ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು. ಹಸಿದ ಕೌದಿ ಹೊದ್ದವರನ್ನು ಹಸಿವಿನಲ್ಲಿಡುತ್ತದೆ ಎಂದು ಹಿರಿಯರ ಮಾತು. ಹಿರಿಯರಿಗೆ ಗೊತ್ತಿದ್ದದ್ದು ಇರುವೆಗಳಿಗೂ ಗೊತ್ತಿತ್ತು. ಮಂಗಳವಾರ ಬೆಳಿಗ್ಗೆ ವಾರ್ಡಿನ ಕಿಟಕಿಯಿಂದ ಐದನೇ ನಂಬರಿನ ಹಾಸಿಗೆಯ ತನಕ ಒಂದೇ ಸಾಲು.

ವಾರ್ಡಿನ ಹಿರಿಯ ಸಿಸ್ಟರ್ ನನಗೆ ಫೋನ್ ಮಾಡಿದರು. "ಇನ್ನು ಕೌದಿಯಲ್ಲಿ ಒಂದು ಕಾಳು ಸಿಕ್ಕರೂ ಕೌದಿಯೂ ಬೇಡ, ನೀವೂ ಬೇಡ," ಎಂದರು.

ಸುದ್ದಿ ನಾಲ್ಕೂ ಊರಿಗೆ ಹಬ್ಬಿ ಸೂಜಿಗಳು ನಿಂತವು. ಉಪವಾಸದ ಕೌದಿಯನ್ನು ಕಾಯಿಲೆಯ ಮಕ್ಕಳಿಗೆ ಹೊದಿಸಲು ಯಾರಿಗೂ ಮನಸ್ಸಿಲ್ಲ. ದಾರಿ ಕಂಡುಹಿಡಿದವರು ಮುದ್ದೇಬಿಹಾಳದ ಅಕ್ಕೋರು, ಅಂದರೆ ನಿವೃತ್ತ ಶಿಕ್ಷಕಿ. ಬಿಳಿ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಕಂದು ದಾರದಿಂದ ಅಲ್ಲಲ್ಲಿ ಸುಟ್ಟ ಕಲೆ ಹೆಣೆದು, ಅಂಗೈಯಗಲದ ರೊಟ್ಟಿಗಳನ್ನು ಮಾಡಿದರು. ಒಂದೊಂದು ಕೌದಿಗೆ ಒಂದೊಂದು.

"ಕೌದಿಗೆ ಗೊತ್ತಾಗೂದಿಲ್ಲೇನ್ರಿ ಅಕ್ಕೋರ?" ಎಂದು ಹೊಲಿಯುವವರಲ್ಲಿ ಒಬ್ಬರು ಕೇಳಿದರು.

"ನಲವತ್ತ ವರ್ಷ ಸಾಲಿ ಕಲಿಸೇನಿ. ಇನ್ಸ್‌ಪೆಕ್ಟರ್‌ಗ ಗೊತ್ತಾಗಿಲ್ಲ, ಕೌದಿಗೆ ಹ್ಯಾಂಗ್ ಗೊತ್ತಾಕೈತಿ?"

ಇನ್ನೊಬ್ಬರಿಗೆ ಬೇರೆ ಸಂಶಯ. "ಒಣಾ ರೊಟ್ಟಿ ಹ್ಯಾಂಗ್ ನುಂಗೀತ್ರಿ ಪಾಪ?" ಹೀಗಾಗಿ ಕೆಂಪು ಬಟ್ಟೆಯಲ್ಲಿ ಖಾರದ ಚಟ್ನಿಯೂ ಆಯಿತು.

ಅಕ್ಕೋರು ತಮ್ಮದೇ ಸೀರೆಯಿಂದ ಹೊಲಿದ ಕೌದಿಯನ್ನು ನಾನು ಬುಧವಾರ ಒಯ್ದೆ. ಹುಡುಗಿ ಒಳಗೆ ಹೋದವಳು ಬೇಗನೆ ಹೊರಬಂದಳು. "ಅಕ್ಕೋರು ಅದಾರ. ಹದಿನೇಳರ ಮಗ್ಗಿ ಹೇಳಂತಾರ."

ಇದನ್ನು ಅಕ್ಕೋರಿಗೆ ತಿಳಿಸಿದೆ. ಅವರಿಗೆ ಬಹಳ ಸಿಟ್ಟು ಬಂತು. "ನಾ ಇನ್ನೂ ಜೀವಂತ ಅದೇನ್ರಿ!" ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಹೇಳಿದ್ಲೇನು ಮಗ್ಗಿ?"

೪. ಮಾದಲಿ

ಬಸವನ ಬಾಗೇವಾಡಿಯ ಕೌದಿ ಬಂದದ್ದು ಶುಕ್ರವಾರ. ಹೊಲಿದವರು ಕಿರಾಣಿ ಅಂಗಡಿ ಮನೆಯ ಸೊಸೆ. ಸೊಸೆಗೆ ಐವತ್ತು ದಾಟಿದೆ. ಅತ್ತೆ ತೀರಿಕೊಂಡು ಎರಡು ವರ್ಷವಾದರೂ ಊರಲ್ಲಿ ಇನ್ನೂ ಅವರಿಗೆ ಅದೇ ಹೆಸರು. ಅತ್ತೆಯ ಹಸಿರು ಇಳಕಲ್ ಸೀರೆಯನ್ನು ಮೇಲುಪದರಕ್ಕೆ ಹಾಕಿ, ಮೂಲೆಯಲ್ಲಿ ಅಕ್ಕೋರು ಕಳಿಸಿದ ಅರಿವೆ ರೊಟ್ಟಿ ಇಟ್ಟು ಹೊಲಿದಿದ್ದರು.

"ಜೀವಾ ಇರೂತನಕ ನಮ್ಮತ್ತಿ ಕುಂತಲ್ಲೇ ತಪ್ಪ ತಗೀತಿದ್ಲ್ರಿ," ಎಂದರು, ಕೌದಿಯನ್ನು ಕಾರಿನಲ್ಲಿಡುತ್ತ. "ಇದು ಹೆಚ್ಚಾತು, ಅದು ಕಡಿಮಿ ಆತು. ಈಗರೆ ಯಾರಿಗ್ಯಾರ ಬೆಚ್ಚಗ ಮಾಡ್ಲಿ."

ವಾರ್ಡಿನಲ್ಲಿ ಹುಡುಗಿಯ ಹಾಸಿಗೆಯ ಪಕ್ಕದ ಮೇಜಿನ ಮೇಲೆ ನಳಿಗೆಯ ಪೊಟ್ಟಣ ಆಗಲೇ ಬಂದು ಕೂತಿತ್ತು. ಮರುದಿನ ಶನಿವಾರ. ತಾಯಿ ಅದರ ಮೇಲೆ ಟವೆಲು ಮುಚ್ಚಿದ್ದರು. ಹುಡುಗಿ ಹಸಿರು ಕೌದಿಯೊಳಗೆ ಹೋದಳು. ಈ ಸಲ ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗಿನಿಂದ ಪಿಸುಮಾತು ಕೇಳಿಸುತ್ತಿತ್ತು. ಒಂದು ದನಿ ಎಂದೇ ನನ್ನ ಅಂದಾಜು.

ಹೊರಗೆ ಬಂದು, "ಇದು ನನಗಿರಲಿ. ಇದರಾಗ ಆಯಿ ಅದಾಳ," ಎಂದಳು. ಆಯಿ ಎಂದರೆ ನಮ್ಮ ಕಡೆ ಅಜ್ಜಿ.

"ಛಲೋ ಆತು," ಎಂದರು ತಾಯಿ. "ಆಯಿ ಕೂಡ ಕುಂತು ಒಂಚೂರು ಉಣ್ಣು, ನನ್ನವ್ವ."

"ಆಯಿ ಉಂಡಿಲ್ಲ. ಅಕಿ ಉಂಡ ಮ್ಯಾಲೆ ಉಣ್ತೇನಿ. ರೊಟ್ಟಿ ಕೊಟ್ಟಾರಂತ, ಅರಿವಿ ಅರಿವಿ ಹತ್ತತೈತಂತ."

ರೊಟ್ಟಿಯ ಸಂಗತಿ ಆ ವಾರ್ಡಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ನನಗೆ ಮತ್ತು ಸಿಸ್ಟರಿಗೆ. ಮೂಲೆಯನ್ನು ಕೈಯಿಂದ ಒತ್ತಿ ನೋಡಿರಬಹುದು ಎಂದು ಸಿಸ್ಟರ್ ಇಂಗ್ಲಿಷಿನಲ್ಲಿ ಹೇಳಿದರು. ಧೈರ್ಯ ಬೇಕಾದಾಗ ಅವರು ಇಂಗ್ಲಿಷಿಗೆ ಹೋಗುತ್ತಾರೆ.

"ಆಯಿಗೆ ಏನ್ ಬೇಕಂತ?" ಎಂದು ನಾನೇ ಕೇಳಿದೆ. ಯಾರಾದರೂ ಕೇಳಲೇಬೇಕಿತ್ತು.

"ಮಾದಲಿ. ನಾಳೆ ಮಾಡ್ತೇನಿ ಅಂದಿದ್ರಂತ. ನಾಳೆ ಅಂದ್ರ ಯಾವಾಗ ಅಂತ ಕೇಳಾಕತ್ತಾಳ."

ಮಾದಲಿ ಎಂದರೆ ಗೋಧಿ ರೊಟ್ಟಿ ಪುಡಿ ಮಾಡಿ ಬೆಲ್ಲ ಬೆರೆಸಿದ ಸಿಹಿ. ಬಾಗೇವಾಡಿಗೆ ಫೋನ್ ಮಾಡಿ, ಹುಡುಗಿ ಹೇಳಿದಷ್ಟನ್ನೇ ಸೊಸೆಗೆ ಹೇಳಿದೆ.

"ಯಾರ್ ಹೇಳಿದ್ರು ನಿಮಗ ಇದನ್ನ?"

"ನಾಲ್ಕನೇ ನಂಬರ್ ಹಾಸಿಗಿ."

"ಸರ, ಅದು ಅಡಗಿಮನ್ಯಾಗ ಆಡಿದ ಮಾತ್ರಿ. ಅಕಿ, ನಾ, ಇಬ್ಬರ ಇದ್ದಿವಿ. ಬಾಯಿ ಕೆಟ್ಟೈತಿ, ಒಂಚೂರ ಮಾದಲಿ ಮಾಡು ಅಂದ್ಲು. ಕೆಲಸ ಭಾಳಿತ್ತು, ನಾಳೆ ಮಾಡ್ತೇನಿ ಅಂದೆ. ಮುಂಜಾನೆದ್ದು ನೋಡಿದ್ರ..." ಗೋಧಿಯ ಡಬ್ಬಿ ತೆರೆದ ಸದ್ದು ಫೋನಿನಲ್ಲಿ ಕೇಳಿಸಿತು.

ಶನಿವಾರ ಮೊದಲ ಬಸ್ಸಿಗೆ ಸೊಸೆ ಬಂದಿಳಿದರು. ಕೈಯಲ್ಲಿ ಸ್ಟೀಲಿನ ಡಬ್ಬಿ. ಸಿಸ್ಟರ್ ವಾರ್ಡಿನ ಬಾಗಿಲಲ್ಲೇ ತಡೆದರು. "ಕೌದಿಗೆ ತಿನ್ನುವುದೇನೂ ಹಾಕುವಂತಿಲ್ಲ."

"ಕೌದಿಗಲ್ರಿ, ನಮ್ಮತ್ತಿಗೆ."

ವಾರ್ಡಿನ ನಿಯಮಗಳಲ್ಲಿ ಅತ್ತೆಯರ ಬಗ್ಗೆ ಏನೂ ಬರೆದಿರಲಿಲ್ಲ. ಮೇಜಿನ ಮೇಲಿನ ಪೊಟ್ಟಣವನ್ನು ಒಮ್ಮೆ ನೋಡಿ ಸಿಸ್ಟರ್ ದಾರಿ ಬಿಟ್ಟರು.

ಸೊಸೆ ತಲೆಯ ಮೇಲೆ ಸೆರಗು ಹೊದ್ದರು. ಮೂಲೆಯ ಹೊಲಿಗೆ ಬಿಚ್ಚಿ, ಅರಿವೆ ರೊಟ್ಟಿ ತೆಗೆದು, ಒಂದು ಚಿಟಿಕೆ ಮಾದಲಿ ಒಳಗಿಟ್ಟು, "ಉಣ್ರಿ ಅತ್ತಿ," ಎಂದು ಮತ್ತೆ ಹೊಲಿದರು. ಹುಡುಗಿ ಆ ಮೂಲೆಗೆ ಕಿವಿ ಹಚ್ಚಿದಳು. ಸಿಸ್ಟರ್ ಕೂಡ ಕಿವಿಯ ಮೇಲಿನ ಕೂದಲು ಹಿಂದೆ ಸರಿಸಿದ್ದನ್ನು ನಾನು ಕಂಡೆ.

ಹುಡುಗಿ ತಲೆ ಎತ್ತಿದಳು.

"ಬೆಲ್ಲಾ ಕಡಿಮಿ ಆಗೇತಂತ."

ಸೊಸೆ ಸೆರಗನ್ನು ಮುಖಕ್ಕೆ ಎಳೆದುಕೊಂಡರು. "ಅಕಿನ! ಖರೇನ ಅಕಿನ ರೀ! ಇಪ್ಪತ್ತೆಂಟ ವರ್ಷ ಇದ ಮಾತ ಕೇಳೇನಿ!" ಅವರು ಅಳುತ್ತಿದ್ದರೋ ನಗುತ್ತಿದ್ದರೋ ಸೆರಗು ಅಡ್ಡವಿದ್ದುದರಿಂದ ತಿಳಿಯಲಿಲ್ಲ.

ಹುಡುಗಿ ಬಾಯಿ ತೆರೆದಳು. ಡಬ್ಬಿಯಿಂದ ಮೂರು ಚಮಚ ಮಾದಲಿ ತಿಂದಳು. ಸಂಜೆ ಅರ್ಧ ಬಟ್ಟಲು ಗಂಜಿ ಕುಡಿದಳು. ನಳಿಗೆಯ ಪೊಟ್ಟಣ ಬಿಚ್ಚದೆಯೇ ಕಪಾಟಿಗೆ ಮರಳಿತು.

ಮುಂದಿನ ಗುರುವಾರ ಅವಳನ್ನು ಮನೆಗೆ ಕಳಿಸುವ ಮುನ್ನ, ಇರುವೆ ಹತ್ತಬಾರದೆಂದು ಸಿಸ್ಟರ್ ನನ್ನೆದುರಿಗೇ ಕೌದಿಯ ಆ ಮೂಲೆಯನ್ನು ಬಿಚ್ಚಿದರು. ಹೊಲಿಗೆ ಹಾಕಿದಂತೆಯೇ ಇತ್ತು. ಇರುವೆ ಇರಲಿಲ್ಲ. ಮಾದಲಿಯೂ ಇರಲಿಲ್ಲ. ಸಿಸ್ಟರ್ ಇಂಗ್ಲಿಷಿನಲ್ಲಿ ಏನೋ ಹೇಳಿ ಮೂಲೆಯನ್ನು ಮತ್ತೆ ಹೊಲಿದುಕೊಟ್ಟರು. ಹುಡುಗಿ ಕೌದಿ ಹೊದ್ದುಕೊಂಡೇ ಹೋದಳು. ಡಿಸ್ಚಾರ್ಜ್ ಚೀಟಿಯ ಪ್ರಕಾರ ಅವಳ ತೂಕ ಅರ್ಧ ಕಿಲೋ ಏರಿತ್ತು.