ಈಜು ಮೇಷ್ಟ್ರ ಮಹಾಶೋಧ

ಎಡವಟ್ಟು ಶುರುವಾದದ್ದು ಒಂದು ಸ್ಟೂಲಿನಿಂದ. ಪರೀಕ್ಷಕರು ಕೂರಲೆಂದು ಲ್ಯಾಬಿನ ಜೂನಿಯರ್ ಹುಡುಗಿ ಈಜು ಮೇಷ್ಟ್ರ ಸ್ಟೂಲನ್ನು ತೊಟ್ಟಿಯ ಪಕ್ಕದಿಂದ ಎತ್ತಿ ಎದುರು ಮೂಲೆಗೆ ತಳ್ಳಿ, ಆ ಜಾಗದಲ್ಲಿ ಮೆತ್ತನೆಯ ಕುರ್ಚಿ ಹಾಕಿದಳು.

ಈಜು ಮೇಷ್ಟ್ರು ಅಂದರೆ ಇಲಿಗಳನ್ನು ಈಜಿಸಿ ಸಂಶೋಧನೆ ಮಾಡುವ ವಿದ್ಯಾರ್ಥಿ. ತೊಟ್ಟಿಯಲ್ಲಿ ಹಾಲಿನ ಪುಡಿ ಕಲಸಿ ಬೆಳ್ಳಗೆ ಮಾಡಿದ ನೀರು, ನೀರಿನಡಿ ಕಣ್ಣಿಗೆ ಕಾಣದ ಪುಟ್ಟ ಕಟ್ಟೆ. ಸರಿಯಾಗಿರುವ ಇಲಿ ಕಟ್ಟೆಯ ಜಾಗವನ್ನು ಬೇಗ ಕಲಿಯುತ್ತದೆ. ಮೆದುಳಿನಲ್ಲಿ ಜಾಗ ನೆನಪಿಡುವ ಭಾಗ ಕೆಟ್ಟ ಇಲಿ ಸುಮ್ಮನೆ ಸುತ್ತುತ್ತದೆ. ಜಗತ್ತೆಲ್ಲ ಹೇಳುವುದು ಇದನ್ನೇ. ಆದರೆ ನಮ್ಮ ಮೇಷ್ಟ್ರ ಇಲಿಗಳು ಆ ಭಾಗ ಕೆಟ್ಟಿದ್ದರೂ ನೆಟ್ಟಗೆ ಹೋಗಿ ಕಟ್ಟೆ ಹತ್ತುತ್ತಿದ್ದವು! ಈ ಮಹಾಶೋಧಕ್ಕೆ ಪರೀಕ್ಷಕರು ಇವತ್ತು ಹೂಂ ಅಂದರೆ ಡಾಕ್ಟರೇಟು. ಡಾಕ್ಟರೇಟು ಬಂದರೆ ಮದುವೆ. ಮೇಷ್ಟ್ರ ಭಾವಿ ಮಾವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಬಿಡಪ್ಪಾ," ಎಂದರು ಗೈಡ್ ಮೇಡಂ.

ಮೇಷ್ಟ್ರು ಮೆದುಳು ಕೆಟ್ಟ ಇಲಿಯನ್ನು ನೀರಿಗೆ ಬಿಟ್ಟು ಹೋಗಿ ಸ್ಟೂಲಿನ ಮೇಲೆ ಕೂತರು. ಇಲಿ ಕಟ್ಟೆಯತ್ತ ತಿರುಗಿಯೂ ನೋಡದೆ ಸರ್ರನೆ ಅವರೆದುರಿಗೆ ಈಜಿ ಬಂದು ತೊಟ್ಟಿಯ ಗೋಡೆ ಕೆರೆಯತೊಡಗಿತು.

"ಇದೇನ್ರೀ, ಕಟ್ಟೆ ಈ ಕಡೆ ಇದೆ ಅಂದ್ರಿ?" ಎಂದರು ಪರೀಕ್ಷಕರು.

"ಇವತ್ತು ಅದಕ್ಕೆ ಮೂಡ್ ಸರಿಯಿಲ್ಲ ಸಾರ್."

"ನಿನ್ನ ಮುಖ ನೋಡಿ ಗಾಬರಿಯಾಗಿದೆ, ಈ ಕಡೆ ಬಾ," ಎಂದು ಮೇಡಂ ಬಾಗಿಲ ಬಳಿ ಕರೆದರು. ಮೇಷ್ಟ್ರು ಹೋದರು. ಇಲಿಯೂ ಬಾಗಿಲ ಕಡೆ ಹೊರಟಿತು.

"ಕಿಟಕಿ ಹತ್ರ ನಿಂತ್ಕೊಳ್ಳಿ ಸರ್," ಎಂದಳು ಜೂನಿಯರ್. ಇಲಿಯೂ ಕಿಟಕಿಯ ಕಡೆ ತಿರುಗಿತು. ಮೇಷ್ಟ್ರು ಬೆವರೊರೆಸಿಕೊಳ್ಳುತ್ತ ತೊಟ್ಟಿಯ ಸುತ್ತ ಓಡಿದರು. ಇಲಿ ಹಾಲು ಬಿಡದ ಕರುವಿನ ಹಾಗೆ ಬೆನ್ನು ಹತ್ತಿತು.

ಪರೀಕ್ಷಕರು ಎದ್ದು ನಿಂತರು. "ದಿನಾ ಎಲ್ಲಿ ಕೂರ್ತಿದ್ರಿ ನೀವು?"

"ನೀವು ಕೂತಿದ್ರಲ್ಲ ಸಾರ್, ಅಲ್ಲೇ. ಕಟ್ಟೆ ಪಕ್ಕ."

"ಇಲಿನ ನೀರಿಂದ ಎತ್ತಿ ಒರೆಸೋರು ನೀವು, ತಿನ್ಸೋರು ನೀವು. ಅದು ನಿಮ್ಮನ್ನ ನೋಡ್ಕೊಂಡು ಬರ್ತಿತ್ತು, ಮಧ್ಯ ಕಟ್ಟೆ ಕಾಲಿಗೆ ಸಿಕ್ತಿತ್ತು, ಅಷ್ಟೇ ಕಣ್ರೀ!"

ಮೇಷ್ಟ್ರನ್ನು ಹೊರಗೆ ಹಾಕಿ ಇಲಿಯನ್ನು ಮತ್ತೆ ನೀರಿಗೆ ಬಿಟ್ಟರು. ಅದು ದಿಕ್ಕು ತೋಚದೆ ಗಿರಕಿ ಹೊಡೆಯಿತು. ಜಗತ್ತು ಗೆದ್ದಿತ್ತು. ಬಾಗಿಲಾಚೆ ಮೇಷ್ಟ್ರಿಗೆ ಅಳುವೇ ಬಂತು.

ಅಷ್ಟರಲ್ಲಿ ಪರೀಕ್ಷಕರು ನಗುತ್ತ ಬಾಗಿಲು ತೆಗೆದರು. "ಭಲೇ ವಿಷಯ ರೀ! ಜಾಗ ಮರೆತ ಇಲಿಗೆ ಮನುಷ್ಯ ನೆನಪಿರ್ತಾನೆ. ಇದಕ್ಕೆ ಡಾಕ್ಟರೇಟ್ ಗ್ಯಾರಂಟಿ!"

ಮೇಷ್ಟ್ರ ಮುಖ ಊರಗಲವಾಯಿತು. "ನಾಳೆಯಿಂದಲೇ ಶುರು ಮಾಡ್ತೀನಿ ಸಾರ್!"

"ನೀವು ಹೇಗ್ರೀ ಮಾಡ್ತೀರಿ? ಇಲಿ ನೋಡಬೇಕಾದ ಮನುಷ್ಯನೇ ನೀವು. ಪ್ರಯೋಗ ಈ ಹುಡುಗಿ ಮಾಡ್ತಾಳೆ, ಡಾಕ್ಟರೇಟೂ ಅವಳಿಗೇ. ಅವಳು ಹೇಳಿದ ಕಡೆ ನಿಲ್ಲೋದು ನಿಮ್ಮ ಕೆಲಸ."

ಜೂನಿಯರ್ ಆಗಲೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಎರಡು ಪಾದ ಬರೆದಿದ್ದಳು. ಮೇಷ್ಟ್ರು ಹೋಗಿ ಅವುಗಳ ಮೇಲೆ ನಿಂತರು. ಇಲಿ ಖುಷಿಯಿಂದ ಈಜಿ ಬರತೊಡಗಿತು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಭಾವಿ ಮಾವನೇ. ಮೇಷ್ಟ್ರ ಕೈ ಜೇಬಿನತ್ತ ಹೋಯಿತು.

"ಅಲ್ಲಾಡಬೇಡಿ ಸರ್," ಎಂದಳು ಜೂನಿಯರ್, "ನನ್ನ ರಿಸಲ್ಟ್ ಕೆಡುತ್ತೆ."