ಏಳು ದಿನಗಳ ಕ್ವಾಂಜಾವನ್ನು ಹನ್ನೆರಡು ನಿಮಿಷಗಳಲ್ಲಿ ಮುಗಿಸಿಕೊಟ್ಟ ನಿರ್ದೇಶಕರಿಗೆ

ಮಿಲ್ವಾಕಿ, ಜನವರಿ ೩

ಸೈಕಮೋರ್ ರಸ್ತೆಯ ಸಮುದಾಯ ಸಾಂಸ್ಕೃತಿಕ ಕೇಂದ್ರದ ಕಾರ್ಯಕ್ರಮ ನಿರ್ದೇಶಕರಾದ ಶ್ರೀ ಬ್ರೈಸನ್ ಹಾರ್ಗ್ರೋವ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಹೊಸ ವರ್ಷದ ಹಾರ್ದಿಕ ಶುಭಾಶಯಗಳು. ತಾವು ಕ್ಷೇಮ, ತಮ್ಮ ಕಚೇರಿ ಕ್ಷೇಮ, ತಮ್ಮ ಕಾರ್ಯಕ್ರಮಗಳ ಪಟ್ಟಿಯೂ ಒಂದು ಗೀಟು ಅಳಿಸದಂತೆ ಕ್ಷೇಮವಾಗಿದೆ ಎಂದು ನಂಬಿದ್ದೇನೆ. ಈ ಪತ್ರವನ್ನು ಕೇಂದ್ರದ ಸಲಹಾ ಪೆಟ್ಟಿಗೆಗೇ ಹಾಕಬೇಕೆಂದಿದ್ದೆ. ಆದರೆ ಪೆಟ್ಟಿಗೆಯ ಬೀಗದ ಕೈ ಕಳೆದು ಎರಡು ವರ್ಷವಾಯಿತೆಂದು ತಮ್ಮ ಕಚೇರಿಯವರೇ ನಗುನಗುತ್ತಾ ತಿಳಿಸಿದ್ದರಿಂದ, ನಮ್ಮ ಬಡಾವಣೆಯ ಪತ್ರಿಕೆಯ ಮೂಲಕ ತಮ್ಮನ್ನು ತಲುಪುವ ಧೈರ್ಯ ಮಾಡಿದ್ದೇನೆ.

ನನ್ನ ಪರಿಚಯ ತಮಗಿದೆ. ಇಪ್ಪತ್ತೊಂಬತ್ತು ವರ್ಷ ಈ ಊರಿನ ಮಕ್ಕಳನ್ನು ಶಾಲೆಯ ಬಸ್ಸಿನಲ್ಲಿ ಕೂರಿಸಿಕೊಂಡು, ಗಾಜಿನ ಹಾಗೆ ಹೆಪ್ಪುಗಟ್ಟಿದ ರಸ್ತೆಗಳ ಮೇಲೆ ಓಡಿಸಿದವಳು ನಾನು. ಆದ್ದರಿಂದ ಹೊತ್ತಿಗೆ ಸರಿಯಾಗಿ ಮುಟ್ಟುವುದರ ಮಹತ್ವ ನನಗೂ ಚೆನ್ನಾಗಿ ಗೊತ್ತು. ಆದರೆ ಮಕ್ಕಳನ್ನು ಹತ್ತಿಸಿಕೊಳ್ಳದೆಯೇ ಬಿಟ್ಟರೆ ಬಸ್ಸು ಇನ್ನೂ ಬೇಗ ಮುಟ್ಟುತ್ತದೆ ಎಂಬ ಯುಕ್ತಿ ಅಷ್ಟು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆಯಲಿಲ್ಲ. ಅದು ಹೊಳೆದದ್ದು ತಮಗೆ.

ಕಳೆದ ಮೂವತ್ತನಾಲ್ಕು ವರ್ಷಗಳಿಂದ ಡಿಸೆಂಬರ್ ಇಪ್ಪತ್ತಾರರಿಂದ ಜನವರಿ ಒಂದರವರೆಗೆ, ಏಳು ಸಂಜೆ, ಆಫ್ರಿಕನ್ ಅಮೆರಿಕನ್ನರಾದ ನಾವು ನಮ್ಮ ಕ್ವಾಂಜಾ ಹಬ್ಬಕ್ಕೆ ಕೇಂದ್ರದ ಹಿಂದಿನ ಕೋಣೆಯಲ್ಲಿ ಸೇರಿ, ದಿನಕ್ಕೊಂದು ಮೇಣದ ಬತ್ತಿ ಹೊತ್ತಿಸಿ, ದಿನಕ್ಕೊಂದು ಮೌಲ್ಯವನ್ನು ನೆನೆದು, ಉಂಡು ಏಳುತ್ತಿದ್ದೆವು. ಹೀಗೆ ಒಂದು ವಾರ ಪೂರ್ತಿ ದೀಪ ಮತ್ತು ಕೋಣೆಯ ಬಿಸಿಗಾಳಿ ವ್ಯರ್ಥವಾಗುತ್ತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ. ತಾವು ಬಂದ ಮೊದಲ ವರ್ಷವೇ 'ಹಬ್ಬದ ಋತುವಿನ ಕಲಾ ಮಧ್ಯಾಹ್ನ' ಎಂಬ ಬಣ್ಣದ ಭಿತ್ತಿಪತ್ರ ಅಂಟಿಸಿ, ಬಟ್ಟಲಿಗೆ ಚಿತ್ರ ಬರೆಯುವುದು, ಕಾಗದದ ನಕ್ಷತ್ರ ಕತ್ತರಿಸುವುದು, ಬಿಸ್ಕತ್ತಿನ ಮನೆ ಕಟ್ಟುವ ಸ್ಪರ್ಧೆ, ಇವುಗಳ ಸಾಲಿನಲ್ಲೇ ಕ್ವಾಂಜಾಕ್ಕೂ ಒಂದು ಮೇಜು ಕೊಟ್ಟು, ಡಿಸೆಂಬರ್ ಇಪ್ಪತ್ತರ ಶನಿವಾರ ಮೂರು ಗಂಟೆ ಹತ್ತು ನಿಮಿಷದಿಂದ ಮೂರು ಇಪ್ಪತ್ತೆರಡರವರೆಗೆ ಅದನ್ನು ನಿಗದಿ ಮಾಡಿದಿರಿ. ಹಬ್ಬ ಶುರುವಾಗುವ ಆರು ದಿನ ಮೊದಲೇ ಹಬ್ಬವನ್ನು ಮುಗಿಸಿಬಿಡುವ ಈ ಸಾಹಸಕ್ಕೆ ನಮ್ಮ ಹಿರಿಯರಲ್ಲಿ ಯಾರೂ ಕೈಹಾಕಿದ ದಾಖಲೆಯಿಲ್ಲ.

ನಿಜವಾದ ಬತ್ತಿಗಳಿಂದ ನೆಲದ ಜಮಖಾನಕ್ಕೆ ಅಪಾಯವೆಂದು ತಾವು ಬ್ಯಾಟರಿಯ ಬತ್ತಿಗಳನ್ನು ತರಿಸಿದ್ದೂ ದೂರದೃಷ್ಟಿಯೇ. ಏಳರಲ್ಲಿ ಆರು ಬತ್ತಿ ಚೆನ್ನಾಗಿ ಮಿನುಗಿದವು. ನಡುವಿನ ಕಪ್ಪು ಬತ್ತಿಗೆ ಬ್ಯಾಟರಿ ಇರಲಿಲ್ಲ. ಅದು ಮೊದಲ ದಿನದ ಬತ್ತಿ, ಒಗ್ಗಟ್ಟಿನದು, ಅದನ್ನು ಹೊತ್ತಿಸದೆ ಉಳಿದವನ್ನು ಹೊತ್ತಿಸುವಂತಿಲ್ಲ ಎಂದು ನಾನು ತಮ್ಮ ಕಿವಿಯಲ್ಲಿ ಹೇಳಿದಾಗ, ಒಗ್ಗಟ್ಟನ್ನು ಸದ್ಯಕ್ಕೆ ಬಿಟ್ಟು ಮುಂದುವರಿಯಬಹುದೆಂದು ತಾವು ಅಪ್ಪಣೆ ಕೊಡಿಸಿದಿರಿ. ಮುಂದುವರಿದೆವು.

ಇಲ್ಲಿಯವರೆಗಿನದು ನಕ್ಕು ಮರೆಯಬಹುದಾದ ಸಂಗತಿ. ಮರೆಯಲಾಗದೆ ಈ ಪತ್ರ ಬರೆಯಿಸುತ್ತಿರುವುದು ಆಮೇಲೆ ನಡೆದದ್ದು.

ಮರದ ಬಟ್ಟಲಿನಿಂದ ಗಿಡದ ಬುಡಕ್ಕೆ ನೀರೆರೆಯುತ್ತಾ, ತೀರಿಹೋದ ನಮ್ಮವರ ಹೆಸರುಗಳನ್ನು ಒಬ್ಬೊಬ್ಬರೇ ಎದ್ದು ಹೇಳುವುದು ನಮ್ಮ ಪದ್ಧತಿ. ಪ್ರತಿ ಹೆಸರಿಗೂ ಸೇರಿದವರೆಲ್ಲ 'ಆಶೇ' ಎನ್ನುತ್ತೇವೆ, ಹಾಗೇ ಆಗಲಿ ಎಂದು. ಆ ದಿನ ಮೂರನೆಯ ಸಾಲಿನಿಂದ ಕಂದು ಕೋಟಿನ ಒಬ್ಬ ಹಿರಿಯರು ಎದ್ದು ನಿಂತದ್ದು ತಮಗೆ ನೆನಪಿರಬಹುದು. ಅವರು ಲೆಮ್ಯುಯೆಲ್ ಗ್ಯಾಡ್ಸನ್, ನಮ್ಮ ಬೀದಿಯ ಬಡಗಿ. ಅವರಿಗೆ ಚಿಕ್ಕಂದಿನಿಂದ ಮಾತು ಉಗ್ಗು. ಅವರ ಹೆಂಡತಿ ಅರ್ನೆಸ್ಟೀನ್ ನನ್ನ ಜೀವದ ಗೆಳತಿ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಚರ್ಚಿನಲ್ಲಿ ಗಂಡನ ಮಾತನ್ನೆಲ್ಲ ತಾನೇ ಆಡಿ ಮುಗಿಸುತ್ತಿದ್ದಳು. ಅಂಥವಳು ಕಳೆದ ಏಪ್ರಿಲ್‌ನಲ್ಲಿ ಹೋಗಿಬಿಟ್ಟಳು. ಅಂದಿನಿಂದ ಅವರು 'ಅವಳು' ಎನ್ನುತ್ತಿದ್ದರೇ ಹೊರತು ಹೆಸರು ಹೇಳಿರಲಿಲ್ಲ. ಈ ಸಲ ಎದ್ದು ನಿಂತು ನಾನೇ ಹೇಳುತ್ತೇನೆ, ಯಾರೂ ನಡುವೆ ಬಾಯಿ ಹಾಕಬಾರದು ಎಂದು ನವೆಂಬರಿನಲ್ಲೇ ನನ್ನಿಂದ ಮಾತು ತೆಗೆದುಕೊಂಡಿದ್ದರು.

ಅವರು ಎದ್ದರು. 'ಅ' ಎಂಬ ಮೊದಲ ಅಕ್ಷರದಲ್ಲೇ ನಾಲಿಗೆ ನಿಂತುಹೋಯಿತು. ಅದೇ ಹೊತ್ತಿಗೆ ತಮ್ಮ ಮೊಬೈಲು ಬಾತುಕೋಳಿಯ ದನಿಯಲ್ಲಿ ಕ್ವಾಕ್ ಕ್ವಾಕ್ ಎಂದಿತು. ಮೂರು ಇಪ್ಪತ್ತೆರಡು. ತಾವು ಬಲು ಮೃದುವಾಗಿ ಅವರ ಹೆಗಲು ಮುಟ್ಟಿ, "ಥ್ಯಾಂಕ್ಯೂ ಸರ್, ತುಂಬಾ ಚೆನ್ನಾಗಿತ್ತು. ಈಗ ಮುಂದಕ್ಕೆ ಹೋಗೋಣ" ಎಂದಿರಿ. ಹುಟ್ಟುವ ಮೊದಲೇ ಒಂದು ಮಾತನ್ನು ಇಷ್ಟು ಮನಸಾರೆ ಮೆಚ್ಚಿಕೊಂಡ ರಸಿಕರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಿಸ್ಕತ್ತಿನ ಮನೆಯ ಸ್ಪರ್ಧೆಗೆ ಸಂಗೀತ ಶುರುವಾಯಿತು. ಗ್ಯಾಡ್ಸನ್ ಕೂತರು, ಟೋಪಿ ಹಾಕಿಕೊಂಡರು, ಮತ್ತೆ ಎದ್ದು ಹೊರಟುಹೋದರು.

ನಾನು ತಮ್ಮ ಕೋಣೆಗೆ ಬಂದು ಹೀಗೇಕೆಂದು ಕೇಳಿದೆ. ತಾವು ಕುರ್ಚಿ ಕೊಟ್ಟಿರಿ, ನೀರು ಕೊಟ್ಟಿರಿ. "ಯಾರ ಮನಸ್ಸೂ ನೋಯಿಸ್ಬೇಕು ಅಂತಲ್ಲ, ಮಿಸ್ ಲೂವೆನಿಯಾ. ಎಲ್ಲಾರಿಗೂ ಸ್ವಲ್ಪ ಸ್ವಲ್ಪ ಸಿಗ್ಲಿ ಅಂತ" ಎಂದಿರಿ.

"ಸ್ವಲ್ಪ ಸ್ವಲ್ಪ ಹಂಚೋದಕ್ಕೆ ಅದೇನು ಕೇಕಾ ಮಗಾ? ಹೆಸರು ಅಂದ್ಮೇಲೆ ಪೂರ್ತಿ ಹೇಳ್ಬೇಕು" ಎಂದೆ.

ಹಿಂದಿನ ಕೋಣೆಯನ್ನು ಇಪ್ಪತ್ತಾರರಿಂದ ಬಿಟ್ಟುಕೊಡಿ ಎಂದು ಬೇಡಿದೆ. ಕೇಂದ್ರಕ್ಕೆ ಜನವರಿ ಎರಡರವರೆಗೆ ರಜೆಯೆಂದೂ, ಅರ್ಜಿ ತುಂಬಿಕೊಟ್ಟರೆ ಹದಿನೈದು ಕೆಲಸದ ದಿನಗಳೊಳಗೆ ಉತ್ತರ ಬರುವುದೆಂದೂ ತಾವು ವಿವರಿಸಿದಿರಿ. ತುಂಬಿಕೊಟ್ಟೆ. ಉತ್ತರ ಇನ್ನೂ ದಾರಿಯಲ್ಲಿದೆ, ಅವಸರವಿಲ್ಲ.

ಮುಂದಿನದನ್ನು ತಮ್ಮ ಮಾಹಿತಿಗಾಗಿ ನಿವೇದಿಸುತ್ತಿದ್ದೇನೆ. ಕೇಂದ್ರದ ಎದುರಿಗೇ ಡೊರೀತಾಳ ಹೆಂಗಸರ ಸಲೂನು ಇದೆಯಲ್ಲ, ನಾವು ಕೇಳುವ ಮೊದಲೇ ಅವಳು ಬಾಗಿಲು ತೆರೆದುಕೊಟ್ಟಳು. ಗಿರಾಕಿಗಳನ್ನು ಮಾತ್ರ ವಾಪಸು ಕಳಿಸಲಾರೆ ಎಂದಳು, ಒಪ್ಪಿದೆವು. ಕೂದಲು ಒಣಗಿಸುವ ಯಂತ್ರಗಳ ನಡುವೆ ಒಂದು ಮೇಜು, ಅದರ ಮೇಲೆ ಚಾಪೆ, ಜೋಳದ ತೆನೆ, ಏಳು ನಿಜವಾದ ಬತ್ತಿ. ಮೊದಲ ಸಂಜೆ ಹನ್ನೊಂದು ಜನ, ಎರಡನೆಯ ಸಂಜೆ ಹತ್ತೊಂಬತ್ತು. ಗ್ಯಾಡ್ಸನ್ ಎರಡೂ ದಿನ ಬರಲಿಲ್ಲ.

ಮೂರನೆಯ ದಿನ ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ ಕಟ್ಟಿಕೊಂಡು ಅವರ ಮನೆಗೆ ಹೋದೆ. ಬಾಗಿಲನ್ನು ಅರ್ಧವೇ ತೆಗೆದರು. ಅವರ ಮಾತು ಎಲ್ಲೆಲ್ಲಿ ತಡೆಯಿತೆಂದು ಇಲ್ಲಿ ಬರೆದು ತೋರಿಸುವುದಿಲ್ಲ. ಹೇಳಿದ್ದಿಷ್ಟು: "ನಾನು ಬಾಯಿ ತೆಗೆದ್ರೆ ಜನ ಗಡಿಯಾರ ನೋಡ್ತಾರೆ, ಲೂ. ಅವಳ ಹೆಸರು ಹೇಳೋವಾಗ್ಲೂ ನೋಡಿದ್ರು. ಇನ್ನೊಂದ್ಸಲ ನನ್ನ ಕೈಲಾಗಲ್ಲ."

"ಅದು ಜಡೆ ಹೆಣೆಯೋ ಅಂಗಡಿ ಕಣಯ್ಯಾ" ಎಂದೆ. "ಒಂದೊಂದು ತಲೆಗೂ ಆರು ಗಂಟೆ ಹಿಡಿಯುತ್ತೆ. ಅಲ್ಲಿ ಯಾರಿಗೆ ಅವಸರ ಇದೆ ಹೇಳು?"

ಅವರು ನಗಲಿಲ್ಲ, ಸೊಪ್ಪಿನ ಪಾತ್ರೆ ಮಾತ್ರ ತೆಗೆದುಕೊಂಡರು.

ಆರನೆಯ ದಿನ, ಔತಣದ ಸಂಜೆ, ಬಂದರು. ಅದೇ ಕಂದು ಕೋಟು. ಡೊರೀತಾ ಒಂದು ಒಣಗಿಸುವ ಯಂತ್ರದ ಕುರ್ಚಿಯನ್ನೇ ಅವರಿಗೆ ಬಿಡಿಸಿಕೊಟ್ಟಳು. ಹೆಸರು ಹೇಳುವ ಹೊತ್ತು ಬಂದಾಗ ಅವರು ಎದ್ದರು. 'ಅ' ಎಂದರು. ನಿಂತರು. ಮತ್ತೆ 'ಅ' ಎಂದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಾರ್ಕೀಟಾ ಅರ್ಧ ತಲೆಗೆ ಜಡೆ ಹಾಕಿಸಿಕೊಂಡು, ಇನ್ನರ್ಧ ತಲೆಯ ಕೂದಲು ಮುಗಿಲಿಗೆ ಎದ್ದಿರುವಂತೆಯೇ ಕೂತಿದ್ದಳು. ಡೊರೀತಾಳ ಬೆರಳುಗಳು ಅಲ್ಲೇ ನಿಂತವು. ಮಾನ್ಯರೇ, ಒಂದು ಸತ್ಯ ಒಪ್ಪಿಕೊಳ್ಳಬೇಕು: ಆ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಪಾಪ ಅವರಿಗೆ ಸಲೀಸಾಗುತ್ತದೆ ಎನ್ನಿಸಿತ್ತು. ಆ ಕ್ಷಣದಲ್ಲಿ ತಮಗೂ ನನಗೂ ಇದ್ದ ವ್ಯತ್ಯಾಸ ಒಂದು ಬಾತುಕೋಳಿಯಷ್ಟೇ. ತುಟಿ ಕಚ್ಚಿಕೊಂಡು, ಕೈಚೀಲದ ಹಿಡಿಯನ್ನೇ ತಿರುಚುತ್ತಾ ಕೂತೆ.

"ಅರ್ನೆಸ್ಟೀನ್" ಎಂದರು ಗ್ಯಾಡ್ಸನ್.

ಆಮೇಲೆ, "ಅರ್ನೆಸ್ಟೀನ್ ರೂತ್ ಗ್ಯಾಡ್ಸನ್."

ಸಲೂನಿನಲ್ಲಿದ್ದವರೆಲ್ಲ 'ಆಶೇ' ಎಂದದ್ದು ಬೀದಿಯ ಆಚೆಗೂ ಕೇಳಿಸಿತಂತೆ. ಅವರು ಕೂರಲಿಲ್ಲ. ಹೆಂಡತಿ ಒಂದು ವರ್ಷ ಓವನ್ನಿನಲ್ಲಿಟ್ಟ ಗೆಣಸಿನ ಪೈಯನ್ನು ಇದ್ದಿಲಿನಂತೆ ಸುಟ್ಟು, ಇದನ್ನು ಮಾಡಿದ್ದು ನಮ್ಮ ಯಜಮಾನರು ಎಂದು ಕೇಂದ್ರದಲ್ಲಿ ಎಲ್ಲರಿಗೂ ಹಂಚಿದ್ದನ್ನು, ತನಗೆ ಉಗ್ಗು ಇದ್ದದ್ದರಿಂದ ಅಲ್ಲಗಳೆದು ಮುಗಿಸುವಷ್ಟರಲ್ಲಿ ಜನ ತಿಂದು ಮನೆಗೆ ಹೋಗಿಯೇಬಿಟ್ಟಿದ್ದನ್ನು ಅವರು ತಡೆತಡೆದು ಹೇಳಿದರು. ನಾವು ನಕ್ಕು ನಕ್ಕು ಕಣ್ಣೊರೆಸಿಕೊಂಡೆವು. ಅವರೂ ನಕ್ಕರು. ಎಷ್ಟು ಹೊತ್ತು ಹಿಡಿಯಿತೆಂದು ದಯವಿಟ್ಟು ಕೇಳಬೇಡಿ. ಆ ವಿವರವನ್ನು ತಮ್ಮ ಅರ್ಜಿಯಲ್ಲಿ ತುಂಬಲು ನನ್ನಿಂದ ಆಗುವುದಿಲ್ಲ.

ಈಗ ನನ್ನ ವಿನಮ್ರ ಕೋರಿಕೆಗಳು. ಮುಂದಿನ ವರ್ಷ ತಾವು ಇದೇ ಕೌಶಲವನ್ನು ಜನರಿಗೆ ಉಪಯೋಗವಾಗುವ ಕಡೆ ತೋರಿಸಬೇಕು. ಮಿಲ್ವಾಕಿಯ ಚಳಿಗಾಲವನ್ನು ನವೆಂಬರಿನ ಯಾವುದಾದರೂ ಮಂಗಳವಾರ ಹನ್ನೆರಡು ನಿಮಿಷದಲ್ಲಿ ಮುಗಿಸಿಕೊಡಬೇಕು. ನನ್ನ ಮೊಣಕಾಲಿನ ನೋವನ್ನು ಬಟ್ಟಲಿಗೆ ಚಿತ್ರ ಬರೆಯುವ ಕಾರ್ಯಕ್ರಮದೊಂದಿಗೆ ವಿಲೀನಗೊಳಿಸಬೇಕು. ನಮ್ಮ ಚರ್ಚಿನ ಪಾದ್ರಿಗಳ ಭಾನುವಾರದ ಉಪದೇಶಕ್ಕೂ ಆ ಬಾತುಕೋಳಿಯನ್ನು ಎರವಲು ಕೊಟ್ಟರೆ ಇಡೀ ಸಭೆ ಋಣಿಯಾಗಿರುತ್ತದೆ. ಇವು ಯಾವುವೂ ಆಗದಿದ್ದ ಪಕ್ಷದಲ್ಲಿ, ಹಿಂದಿನ ಕೋಣೆಯನ್ನು ಏಳು ಸಂಜೆ ನಮಗೆ ಬಿಟ್ಟು ತಾವೂ ಬಂದು ಒಂದು ಮೂಲೆಯಲ್ಲಿ ಕೂರಬೇಕು. ತಮ್ಮ ಮನೆಯಲ್ಲೂ ಯಾರಾದರೂ ತೀರಿಹೋದವರು ಇದ್ದೇ ಇರುತ್ತಾರೆ. ಅವರ ಹೆಸರು ಕೇಳಲು ನಮಗೆ ಪುರುಸೊತ್ತು ಇದೆ.

ಇಷ್ಟೆಲ್ಲ ಬರೆದ ಮೇಲೂ ಹೀಗೆ ಸಹಿ ಮಾಡುವುದು ವಾಡಿಕೆಯಾದ್ದರಿಂದ,

ತಮ್ಮ ವಿಶ್ವಾಸಿ,
ಲೂವೆನಿಯಾ ಪೆಟಿಗ್ರೂ

ತಾ.ಕ.: 'ನಮ್ಮ ಕೇಂದ್ರದ ಕ್ವಾಂಜಾ ಅದ್ಭುತ ಯಶಸ್ಸು' ಎಂಬ ಒಕ್ಕಣೆಯೊಂದಿಗೆ ಕೇಂದ್ರದ ಫೇಸ್‌ಬುಕ್ ಪುಟದಲ್ಲಿ ನಿನ್ನೆ ಹಾಕಿರುವ ಚಿತ್ರವನ್ನು ನೋಡಿ ಸಂತೋಷವಾಯಿತು. ಅದು ಡೊರೀತಾ ತೆಗೆದ ಔತಣದ ಸಂಜೆಯ ಚಿತ್ರ. ಹಿಂದೆ ನಾಲ್ಕು ಕೂದಲು ಒಣಗಿಸುವ ಯಂತ್ರಗಳೂ ಮುಂದೆ ಮಾರ್ಕೀಟಾಳ ಅರ್ಧ ತಲೆಯೂ ಸ್ಪಷ್ಟವಾಗಿ ಬಂದಿವೆ. ದಯವಿಟ್ಟು ಅಳಿಸಬೇಡಿ. ಕೆಳಗೆ ಸಲೂನಿನ ವಿಳಾಸವೊಂದನ್ನು ಸೇರಿಸಿದರೆ, ಮುಂದಿನ ವರ್ಷ ತಮ್ಮ ಕ್ವಾಂಜಾವನ್ನು ಹುಡುಕಿಕೊಂಡು ಬರುವವರು ನೇರವಾಗಿ ಸರಿಯಾದ ಬಾಗಿಲು ತಟ್ಟುತ್ತಾರೆ.